ತುಟಿಗಿಂತ ತಡವಾಗಿ ಬಂದ ದನಿ

ಬಾಗಿಲು ತೆರೆದವಳ ಎದೆ ಧಸಕ್ಕೆಂದಿತು!

ಎದುರಿಗೆ ಅವನೇ. ಡಬ್ಬಿಂಗ್ ಸ್ಟುಡಿಯೋದ ಸೌಂಡ್ ಎಡಿಟರ್. ಹೆಗಲಲ್ಲಿ ಬ್ಯಾಗು, ಮುಖದಲ್ಲಿ ಹೆಸರಿಗೂ ನಗುವಿಲ್ಲ.

"ಕೆಲಸ ಬಿಟ್ಟೆ. ನಾಳೆ ಬೇರೆ ಊರಿಗೆ ಹೊರಟಿದ್ದೀನಿ. ಹೋಗೋಕ್ಮುಂಚೆ ನಿಮ್ಮ ಟಿವಿಲಿ ಅದನ್ನ ಒಂದ್ಸಲ ನೋಡ್ಬಹುದಾ?"

ಅದು ಎಂದರೆ ಅವರಿಬ್ಬರೂ ಸೇರಿ ಮಾಡಿದ ಧಾರಾವಾಹಿ. ನಾಯಕಿಗೆ ದನಿ ಕೊಟ್ಟವಳು ಇವಳು, ಆ ದನಿಯನ್ನು ತುಟಿಗೆ ಕೂರಿಸಿದವನು ಅವನು. ಕಳೆದ ವಾರ ಮನೆಯ ಟಿವಿಯಲ್ಲಿ ಹಾಕಿದಾಗ ಸೋದರತ್ತೆ ಮೂತಿ ತಿರುವಿದ್ದರು.

"ಏನೇ ಇದು? ಅವಳು ಬಾಯಿ ಮುಚ್ಚಿದ್ಮೇಲೆ ನೀನು ಮಾತಾಡ್ತಿದ್ದೀಯಲ್ಲೇ!"

ಇವಳ ಮೈಯೆಲ್ಲ ಉರಿದುಹೋಯಿತು. ಟಿವಿಯ ಒಂದು ಗುಂಡಿಯನ್ನೂ ಮುಟ್ಟಿ ನೋಡದೆ ಸ್ಟುಡಿಯೋ ಮಾಲೀಕರಿಗೆ ಫೋನ್ ಮಾಡಿ, ಎಡಿಟರ್ ನನ್ನ ದನಿ ಹಾಳು ಮಾಡಿದ್ದಾರೆ ಎಂದುಬಿಟ್ಟಳು. ಹಗಲೆಲ್ಲ ಸ್ಟುಡಿಯೋದಲ್ಲೇ ಬದುಕುವವಳಿಗೆ ಬೇರೆ ಇನ್ನೇನು ಹೊಳೆಯಬೇಕು ಹೇಳಿ!

ಸಿಟ್ಟೊಂದೇ ಆಗಿದ್ದರೆ ತಣ್ಣಗಾಗುತ್ತಿತ್ತು. ವರ್ಷಾನುಗಟ್ಟಲೆ ಗಾಜಿನಾಚೆ ಕೂತು ಇವಳ ಉಸಿರನ್ನೂ ಕೇಳಿಸಿಕೊಂಡವನು ಒಂದು ದಿನವೂ ಚೆನ್ನಾಗಿದೆ ಎಂದವನಲ್ಲ. ಆ ಒಂದು ಮಾತಿಗೆ ಇವಳು ಹಂಬಲಿಸಿ ಹಂಬಲಿಸಿ ಸೋತಿದ್ದಳು. 'ಈಗ ಹೊರಟೇ ಹೋಗ್ತಾನಾ... ನನ್ನಿಂದಾಗಿ?'

ಅವನು ರಿಮೋಟ್ ಹಿಡಿದು ಕೂತ. ಧಾರಾವಾಹಿ ಹಾಕಿದ, ಮಾತು ತಡ. ಆ್ಯಪ್ ಮುಚ್ಚಿ ತೆರೆದ, ಅದೇ ರಾಗ. ಬೇರೊಂದು ಸಿನಿಮಾ ಹಾಕಿದ. ಅದರಲ್ಲೂ ತುಟಿ ಮುಂದೆ, ಮಾತು ಹಿಂದೆ!

"ಸದ್ಯ, ನನ್ನ ತಪ್ಪಲ್ಲ..." ಅವನು ಉಸಿರುಬಿಟ್ಟ. ಸೌಂಡ್ ಸೆಟ್ಟಿಂಗ್ಸ್ ತೆರೆದ. "ಬ್ಲೂಟೂತ್ ಸ್ಪೀಕರ್ ಹಾಕಿದ್ದೀರಾ?"

"ಹೂಂನಪ್ಪಾ, ನನ್ನ ಕುರ್ಚಿ ಪಕ್ಕದಲ್ಲೇ ಇದೆ. ಕಿವಿ ಸ್ವಲ್ಪ ಮಂದ ನೋಡು" ಎಂದರು ಅತ್ತೆ.

"ವೈರ್ ಇಲ್ದೆ ಬರೋ ಶಬ್ದ ಒಂಚೂರು ತಡ ಆಗುತ್ತಮ್ಮಾ."

ಬ್ಯಾಗಿನಿಂದ ವೈರ್ ತೆಗೆದು ಟಿವಿಗೂ ಸ್ಪೀಕರಿಗೂ ಸಿಕ್ಕಿಸಿದ. ನಾಯಕಿಯ ತುಟಿಗೆ ಇವಳ ದನಿ ಸರಿಯಾಗಿ ಕೂತಿತು.

ಇವಳಿಗೆ ನಿಂತ ನೆಲವೇ ಬಾಯಿಬಿಡಬಾರದೇ ಎನಿಸಿತು. "ಕ್ಷಮಿಸಿ... ಆದ್ರೆ ಕೆಲಸ ಬಿಟ್ಮೇಲೂ ಇದನ್ನ ನೋಡೋಕೆ ಯಾಕೆ ಬಂದ್ರಿ?"

"ನಿಮ್ಮ ದನೀನ ನಾನೇ ಕೆಡಿಸಿದ್ನೇನೋ ಅಂತ ನಿದ್ದೆ ಬರ್ಲಿಲ್ಲ. ಇಷ್ಟು ವರ್ಷಾನೂ ಎಲ್ರೂ ಮನೆಗೆ ಹೋದ್ಮೇಲೆ ಅದನ್ನೇ ಹಾಕ್ಕೊಂಡು ಕೇಳ್ತಾ ಕೂತಿರ್ತಿದ್ದೆ."

"ಒಂದು ದಿನಾನೂ ಹೇಳ್ಲಿಲ್ಲ!"

"ಚೆನ್ನಾಗಿದೆ ಅಂತ ಶುರು ಮಾಡಿದ್ರೆ ಅಲ್ಲಿಗೇ ನಿಲ್ಲಿಸೋಕೆ ಆಗ್ತಿರ್ಲಿಲ್ಲ. ಮನಸ್ಸಲ್ಲಿ ಇದ್ದಿದ್ದೆಲ್ಲ ಹೇಳ್ಬಿಡ್ತಿದ್ದೆ."

ಇವಳ ಕಣ್ಣು ತುಂಬಿ ಬಂತು. ದಿನಾ ಬೇರೆಯವರ ಪ್ರೀತಿಗೆ ದನಿ ಕೊಡುವವಳಿಗೆ ತನ್ನದಕ್ಕೆ ಮಾತೇ ಹೊರಡಲೊಲ್ಲದು.

"ಹೋಗ್ಬೇಡಿ..." ಕೊನೆಗೂ ಬಂತು. "ಮಾಲೀಕರ ಹತ್ರ ನಾನೇ ತಪ್ಪೊಪ್ಕೊಳ್ತೀನಿ. ನೀವು ಬೈದ್ರೂ ಸರಿ, ಮಾತಾಡಿಸ್ದೇ ಇದ್ರೂ ಸರಿ. ನೀವಿಲ್ದೆ ನನ್ಕೈಲಿ ಆಗಲ್ಲ!"

"ಇದು ಯಾವ ಸೀನಿನ ಡೈಲಾಗು?" ಅವನು ರಿಮೋಟ್ ಪಕ್ಕಕ್ಕಿಟ್ಟ.

"ನಂದೇ. ಯಾರೂ ಬರ್ಕೊಟ್ಟಿಲ್ಲ."

ಕಿವಿ ಮಂದ ಎಂದಿದ್ದ ಅತ್ತೆಗೆ ಎಲ್ಲವೂ ಚೆನ್ನಾಗಿ ಕೇಳಿಸಿತ್ತು. "ಬೇಗ ಏನಾದ್ರೂ ಹೇಳಪ್ಪಾ, ನಾನು ಧಾರಾವಾಹಿ ನೋಡ್ಬೇಕು!"

ಅವನು ಹೆಗಲಿನ ಬ್ಯಾಗನ್ನು ಕೆಳಗಿಟ್ಟ.

"ಹೋಗಲ್ಲ" ಎಂದ, ಇವಳನ್ನೇ ನೋಡುತ್ತ. "ನೀವೇ ಕಳಿಸಿದ್ರೂ ಹೋಗಲ್ಲ."