ಬಾಗಿಲಿನಿಂದ ಹೋದ ಪಟ್ಟಿ

೨೦೧೯ರ ಜನವರಿ ೨೨, ಮಂಗಳವಾರ. ಬೆಳಿಗ್ಗೆ ಹತ್ತು ಗಂಟೆಗೆ ಗ್ರೆಗರಿ ಮೊಂತೇರೊ ಕಜೆಮೂಲೆ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದಾಗ ಅವರ ಬೆನ್ನಿಗೆ ಇಗರ್ಜಿಯ ಏಳೆಂಟು ಗಂಡಸರಿದ್ದರು. ದೂರು ಕೊಡಲು ಒಬ್ಬರು ಸಾಕು. ಇಷ್ಟು ಜನ ಬಂದರೆಂದರೆ ದೂರಿನ ಜೊತೆಗೆ ತೀರ್ಪನ್ನೂ ಬರೆದು ತಂದಿದ್ದಾರೆ ಎಂದೇ ಲೆಕ್ಕ.

ಇನ್‌ಸ್ಪೆಕ್ಟರ್ ಈಶ್ವರಪ್ರಸಾದ ಗಡಿನಾಡಿನ ಅಡೂರಿನವರು. ವರದಿ ಬರೆಯುವುದು ಮಲಯಾಳದಲ್ಲಿ, ಬೈಯುವುದು ಕನ್ನಡದಲ್ಲಿ. ಕೋಪ ಸದಾ ಮೂಗಿನ ತುದಿಯಲ್ಲಿ. ಗುಂಪನ್ನು ನೋಡಿದವರೇ, "ಒಬ್ಬರು ಒಳಗೆ, ಉಳಿದವರು ಗೇಟಿನ ಹೊರಗೆ," ಎಂದರು.

ಗ್ರೆಗರಿ ಮೇಜಿನ ಮೇಲೆ ಒಂದು ಅಂಚೆ ಲಕೋಟೆ ಎಸೆದರು. ಅದರೊಳಗೆ ಕಂಪ್ಯೂಟರಿನಿಂದ ಪ್ರಿಂಟ್ ತೆಗೆದ ಒಂದು ಹಾಳೆ. ಎಣ್ಮಕಜೆಯ ಗೇರು ತೋಟಗಳಿಗೆ ಕೀಟನಾಶಕ ಮದ್ದು ಸಿಂಪಡಿಸಿದ ವರ್ಷಗಳ ನಂತರ ಯಾವ ಮನೆಯಲ್ಲಿ ಯಾರಿಗೆ ಯಾವ ಕಾಯಿಲೆ ಎಂದು ಒಂದು ಖಾಸಗಿ ಟ್ರಸ್ಟ್ ಸಮೀಕ್ಷೆ ನಡೆಸಿತ್ತು. ಇದು ಅದರ ಪುಟ. ಒಂದು ಸಾಲಿನ ಕೆಳಗೆ ಕೆಂಪು ಗೆರೆ: ರಾಯನ್ ಮೊಂತೇರೊ, ಇಪ್ಪತ್ತಾರು ವರ್ಷ, ಮಾತಿಲ್ಲ, ಅಪಸ್ಮಾರ, ಮದ್ದಿನ ಪರಿಣಾಮ.

"ಇದು ಎಲ್ಲಿ ಸಿಕ್ಕಿತು?"

"ನನ್ನ ಮಗಳು ರೀಮಾಳಿಗೆ ನಿಶ್ಚಯ ಆದ ಹುಡುಗ ಲ್ಯಾರಿ. ಅವನ ಅಪ್ಪನ ಹೆಸರಿಗೆ ನಿನ್ನೆ ಅಂಚೆಯಲ್ಲಿ ಬಂದದ್ದು. ಸಂಜೆಯೊಳಗೆ ವಾಟ್ಸಾಪಿನಲ್ಲಿ ಊರಿಡೀ ಸುತ್ತಿದೆ."

"ರಾಯನ್ ಯಾರು?"

"ನನ್ನ ದೊಡ್ಡ ಮಗ. ಪಟ್ಟಿ ಶುದ್ಧ ಸುಳ್ಳು ಸಾರ್. ಅವ ಸಣ್ಣದಿರುವಾಗ ಮರದಿಂದ ಬಿದ್ದು ಹಾಗಾದದ್ದು. ಹುಡುಗನ ಮನೆಯವರ ಹತ್ರವೂ ಅದನ್ನೇ ಹೇಳಿದ್ದೇವೆ. ಭಾನುವಾರದೊಳಗೆ ಪಟ್ಟಿ ಸುಳ್ಳು ಅಂತ ನೀವೊಂದು ಕಾಗದ ಕೊಡ್ಬೇಕು. ಇಲ್ಲದಿದ್ರೆ ಮದುವೆ ಬೇಡ ಅಂದಿದ್ದಾರೆ."

ಮದುವೆಗೆ ಮೊದಲು ಮೂರು ಭಾನುವಾರ ಗಂಡು ಹೆಣ್ಣಿನ ಹೆಸರನ್ನು ಇಗರ್ಜಿಯಲ್ಲಿ ಓದುವುದು ಅವರ ಕ್ರಮ. ಯಾರಿಗಾದರೂ ಅಡ್ಡಿ ಇದ್ದರೆ ತಿಳಿಸಲಿ ಎಂದು. ಮೊದಲ ಓದು ಮೊನ್ನೆ ಮುಗಿದಿತ್ತು. ಅಡ್ಡಿ ಈ ಸಲ ಅಂಚೆಯಲ್ಲಿ ಬಂದಿತ್ತು.

"ಕಾಗದ ಆಮೇಲೆ. ಮೊದಲು ಯಾರು ಕಳಿಸಿದ್ದು ಅಂತ ನೋಡುವ," ಎಂದರು ಈಶ್ವರಪ್ರಸಾದ. ಹೆಸರು ತಿಳಿಯದ ಆರೋಪಿಯ ವಿರುದ್ಧ ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ ಅವರು ಕಾನ್‌ಸ್ಟೇಬಲ್ ಹರಿನಾಥ ಮತ್ತು ಮಹಿಳಾ ಕಾನ್‌ಸ್ಟೇಬಲ್ ಅಮ್ಮು ಇಬ್ಬರನ್ನೂ ಕರೆದುಕೊಂಡು ಗ್ರೆಗರಿಯ ಮನೆಗೆ ಹೋದರು. ಒಳಕೋಣೆಯ ಮಂಚದಲ್ಲಿ ರಾಯನ್ ಗೋಡೆ ನೋಡುತ್ತಾ ಕುಳಿತಿದ್ದ. ರೀಮಾ ಅವನ ಬಾಯಿ ಒರೆಸುತ್ತಿದ್ದಳು.

"ಅಣ್ಣ ಯಾವ ಮರದಿಂದ ಬಿದ್ದದ್ದು?" ಅಮ್ಮು ಕೇಳಿದಳು.

"ಯಾವ ಮರದಿಂದಲೂ ಬೀಳ್ಲಿಲ್ಲ. ಹುಟ್ಟಿದ್ದೇ ಹೀಗೆ. ಪಟ್ಟಿಯಲ್ಲಿ ಇರುವುದು ಸತ್ಯ."

"ಬಾಯಿ ಮುಚ್ಚು!" ಗ್ರೆಗರಿ ಹೊರಗಿನಿಂದಲೇ ಕಿರುಚಿದರು. ರಾಯನ್ ಬೆಚ್ಚಿಬಿದ್ದ. ಹೇಳಿಕೆ ಬರೆದುಕೊಂಡು ಪೊಲೀಸರು ಎದ್ದರು. ಮಗಳ ಮದುವೆಯಾಗಲಿ ಎಂಬ ಅಪ್ಪನ ಆಸೆ ತಪ್ಪಲ್ಲ. ಅದಕ್ಕಾಗಿ ಮಗನನ್ನು ಮರ ಹತ್ತಿಸಿದ್ದು ನೋಡಿದರೆ ಮಾತ್ರ ಯಾರಿಗಾದರೂ ಮೈ ಉರಿಯುತ್ತದೆ.

ಬುಧವಾರ ಟ್ರಸ್ಟಿನ ಕಚೇರಿಯ ಮುಂದೆ ನೂರಾರು ಜನ ಸೇರಿದ್ದರು. ಆ ಹಾಳೆಯಲ್ಲಿದ್ದದ್ದು ಗ್ರೆಗರಿಯ ಮನೆಯ ಹೆಸರು ಮಾತ್ರವಲ್ಲ, ಸುತ್ತಲಿನ ಹತ್ತಾರು ಮನೆಗಳದ್ದೂ ಇತ್ತು. "ನಮ್ಮ ಮಕ್ಕಳ ಕಾಯಿಲೆಯನ್ನು ಸಂತೆಯಲ್ಲಿ ಇಟ್ಟಿದ್ದೀರಿ, ನಾಚಿಕೆ ಉಂಟಾ ನಿಮಗೆ?" ಎಂದು ಒಬ್ಬಳು ಹೆಂಗಸು ಕಿಟಕಿಗೆ ಚಪ್ಪಲಿ ಎಸೆದಳು. ಹರಿನಾಥ ಅಡ್ಡ ನಿಂತು ದಾರಿ ಮಾಡಿದ.

ಒಳಗೆ ಟ್ರಸ್ಟಿನ ಕಾರ್ಯದರ್ಶಿ ವಾಸಪ್ಪ ಪೊಲೀಸರು ಕೂರುವ ಮೊದಲೇ ಕೈ ತೊಳೆದುಕೊಂಡರು. ಮೂಲೆಯ ಕಂಪ್ಯೂಟರಿನ ಮುಂದೆ ನಿಂತಿದ್ದ ಹುಡುಗಿಯನ್ನು ತೋರಿಸಿ, "ಎಲ್ಲ ಇವಳದ್ದೇ ಕೆಲಸ ಸಾರ್. ಫೈಲನ್ನು ಯಾವುದೋ ಪುಕ್ಕಟೆ ವೆಬ್‌ಸೈಟಿಗೆ ಹಾಕಿದ್ದಾಳೆ. ಅಲ್ಲಿಂದಲೇ ಹೋದದ್ದು," ಎಂದರು.

ಹುಡುಗಿಯ ಹೆಸರು ರಂಜನಿ, ಡೇಟಾ ಎಂಟ್ರಿ ಕೆಲಸದವಳು.

"ಹಾಕಿದ್ದು ಹೌದಾ?"

"ಹೌದು ಸಾರ್. ಕಳೆದ ಗುರುವಾರ. ಎಲ್ಲ ಪಂಚಾಯತಿನ ಸಮೀಕ್ಷೆ ಒಂದೇ ಎಕ್ಸೆಲ್ ಫೈಲಲ್ಲಿ ಉಂಟು. ತುಂಬ ದೊಡ್ಡದು, ತೆರೆದ್ರೆ ಕಂಪ್ಯೂಟರ್ ಸ್ಟ್ರಕ್ ಆಗ್ತದೆ. ಮೇಲಿನವರು ಅದನ್ನು ಸಿಎಸ್‌ವಿ ಮಾಡಿ ಕಳಿಸ್ಲಿಕ್ಕೆ ಹೇಳಿದ್ರು. ಬಣ್ಣ, ಗೆರೆ ಎಂತದೂ ಇಲ್ಲದ ಸಾದಾ ಫೈಲ್."

"ಅದಕ್ಕೆ ಊರವರ ಗುಟ್ಟನ್ನೆಲ್ಲ ಇಂಟರ್ನೆಟ್ಟಿಗೆ ಸುರಿದಿ."

"ಇಲ್ಲ ಸಾರ್. ಬೇರೆ ವೆಬ್‌ಸೈಟುಗಳು ಫೈಲನ್ನು ಅವರ ಕಂಪ್ಯೂಟರಿಗೆ ತರಿಸಿಕೊಳ್ತವೆ. ಇದು ಹಾಗಲ್ಲ. ಪುಟ ಮಾತ್ರ ಅಲ್ಲಿಂದ ಬರ್ತದೆ, ಕೆಲಸ ಈ ಬ್ರೌಸರಿನ ಒಳಗೇ ಆಗ್ತದೆ. ಫೈಲ್ ಈ ಪೆಟ್ಟಿಗೆ ಬಿಟ್ಟು ಹೋಗುವುದೇ ಇಲ್ಲ. ಹುಡುಕಿ ಹುಡುಕಿ ಇದನ್ನು ಆರಿಸಿದ್ದೇ ಅದಕ್ಕೆ."

ಈಶ್ವರಪ್ರಸಾದರಿಗೆ ನಗು ಬಂತು, ಒಳ್ಳೆಯ ನಗುವಲ್ಲ. "ವೆಬ್‌ಸೈಟಂತೆ, ಇಂಟರ್ನೆಟ್ಟಿಗೆ ಹೋಗುವುದಿಲ್ಲವಂತೆ. ಯಾರ ಕಿವಿಗೆ ಹೂ ಇಡ್ತಿ? ಆ ಪುಟ ತೆರೆ."

ರಂಜನಿ ತೆರೆದಳು. ಇನ್‌ಸ್ಪೆಕ್ಟರ್ ಮೇಜಿನ ಹಿಂದೆ ಬಗ್ಗಿ ಇಂಟರ್ನೆಟ್ ವಯರನ್ನು ಕಿತ್ತು ಕೈಯಲ್ಲಿ ಹಿಡಿದುಕೊಂಡರು.

"ಈಗ ಮಾಡಿ ತೋರಿಸು. ಆಗದಿದ್ದರೆ ಇಲ್ಲಿಂದ ಸೀದಾ ಜೀಪಿಗೆ."

ರಂಜನಿ ಫೈಲನ್ನು ಆರಿಸಿ ಗುಂಡಿ ಒತ್ತಿದಳು. ಪರದೆಯ ಮೇಲೆ ಹಸಿರು ಪಟ್ಟಿ ಸ್ವಲ್ಪ ಸ್ವಲ್ಪವೇ ತುಂಬತೊಡಗಿತು. ಹತ್ತು ನಿಮಿಷ, ಇಪ್ಪತ್ತು ನಿಮಿಷ. ವಾಸಪ್ಪ ಎರಡು ಸಲ ಹೊರಗೆ ಹೋಗಿ ಬಂದರು. ಮುಕ್ಕಾಲು ಗಂಟೆಯಾಗುವಾಗ ಹಸಿರು ಪಟ್ಟಿ ಪೂರ್ತಿ ತುಂಬಿ, ಹೊಸ ಫೈಲ್ ಬಂದು ಕುಳಿತಿತು.

"ಬೇರೆ ವಯರ್ ಎಲ್ಲಾದರೂ ಉಂಟಾ ನೋಡು!" ಇನ್‌ಸ್ಪೆಕ್ಟರ್ ಗದರಿದರು.

"ಇದ್ದದ್ದು ಒಂದೇ ಸಾರ್. ಅದು ನಿಮ್ಮ ಕೈಯಲ್ಲೇ ಉಂಟು," ಎಂದ ಹರಿನಾಥ.

ಅವಳನ್ನು ಸಿಕ್ಕಿಸಲು ಕಿತ್ತ ವಯರು ಅವಳನ್ನೇ ಉಳಿಸಿತ್ತು. ಆದರೆ ಈಶ್ವರಪ್ರಸಾದ ಸೋಲು ಒಪ್ಪುವ ಜಾತಿಯವರಲ್ಲ. ಮಹಜರು ಬರೆಸಿ, ಕಂಪ್ಯೂಟರನ್ನು ಠಾಣೆಗೆ ಸಾಗಿಸಿದರು. ರಂಜನಿಯನ್ನೂ ವಿಚಾರಣೆಗೆ ಕರೆದರು. ಪ್ರಿಂಟರಿನ ದಾಖಲೆಯಲ್ಲಿ ಕಳೆದ ಗುರುವಾರ ಮಧ್ಯಾಹ್ನ ಒಂದೂವರೆಯ ಹೊತ್ತಿಗೆ ಒಂದು ಹಾಳೆ ಹೊರಬಂದದ್ದು ಕಾಣಿಸಿತು.

"ಫೈಲ್ ವಯರಿನಲ್ಲಿ ಹೋಗಲಿಲ್ಲ, ಸರಿ. ಬಾಗಿಲಿನಲ್ಲಿ ಹೋಗಿದೆ. ಆ ಹೊತ್ತಿಗೆ ಕಂಪ್ಯೂಟರ್ ಮುಂದೆ ಯಾರಿದ್ದದ್ದು?"

"ನಾನೇ ಸಾರ್."

"ಪ್ರಿಂಟ್ ತೆಗೆದದ್ದು?"

"ನಾನಲ್ಲ."

"ಹಾಗಾದರೆ ದೆವ್ವವಾ?" ಮೇಜು ಗುದ್ದಿದ ಸದ್ದಿಗೆ ಹೊರಗಿದ್ದವರೂ ತಿರುಗಿ ನೋಡಿದರು. "ಅಮ್ಮು, ಅರೆಸ್ಟ್ ಮೆಮೊ ತೆಗಿ. ಇವಳ ಮನೆಗೆ ಫೋನ್ ಮಾಡು."

ಆಗ ರಂಜನಿ ಅತ್ತಳು. ಆ ಹೊತ್ತಿಗೆ ತಾನು ಕಚೇರಿಯಲ್ಲೇ ಇರಲಿಲ್ಲ, ಕೆಳಗಿನ ಬೀದಿಯ ರೇಶನ್ ಅಂಗಡಿಯಲ್ಲಿದ್ದೆ ಎಂದಳು. ಕೆಲಸದ ಹೊತ್ತಿನಲ್ಲಿ ಫೈಲ್ ತೆರೆದಿಟ್ಟು ಎದ್ದುಹೋದದ್ದು ವಾಸಪ್ಪರಿಗೆ ಗೊತ್ತಾದರೆ ಕೆಲಸ ಹೋಗುತ್ತದೆಂದು ಸುಳ್ಳು ಹೇಳಿದ್ದಳು.

"ಕಂಪ್ಯೂಟರಿಗೆ ಲಾಕ್ ಹಾಕಿ ಹೋಗ್ಲಿಕ್ಕೆ ಎಂತ ಧಾಡಿ?"

"ಅದೇ ಸಾರ್ ಕಷ್ಟ. ಕೆಲಸ ಅದರೊಳಗೇ ಆಗುವುದಲ್ವಾ? ಕಂಪ್ಯೂಟರ್ ಮಲಗಿದ್ರೆ ಅರ್ಧದಲ್ಲಿ ನಿಲ್ತದೆ, ಮತ್ತೆ ಮೊದಲಿನಿಂದ ಮಾಡ್ಬೇಕು. ಎರಡು ಸಲ ಹಾಗೆ ಆಗಿತ್ತು. ಅದಕ್ಕೆ ಲಾಕ್ ಆಗುವುದನ್ನೇ ತೆಗೆದಿಟ್ಟಿದ್ದೆ."

ದೂರದ ಕಳ್ಳರಿಗೆ ಹೆದರಿ ಕೋಟೆ ಕಟ್ಟಿದವಳು ಮನೆಯ ಬಾಗಿಲನ್ನು ತೆರೆದಿಟ್ಟು ಅಕ್ಕಿ ತರಲು ಹೋಗಿದ್ದಳು. ಮರುದಿನ ಗುರುವಾರ ಬೆಳಿಗ್ಗೆ ಅಮ್ಮು ರೇಶನ್ ಅಂಗಡಿಗೆ ಹೋಗಿ ವಿಚಾರಿಸಿದಳು. ಈಗ ಹೆಬ್ಬೆರಳು ಒತ್ತದೆ ಅಲ್ಲಿ ಯಾರಿಗೂ ಅಕ್ಕಿಯಿಲ್ಲ. ಪ್ರಿಂಟರಿನಿಂದ ಹಾಳೆ ಹೊರಬಂದ ಹೊತ್ತಿಗೇ ರಂಜನಿಯ ಹೆಬ್ಬೆರಳು ಅಂಗಡಿಯ ಯಂತ್ರದ ಮೇಲಿತ್ತು. ಮಾತು ನಿಜ.

"ಆಗ ಕಚೇರಿಯಲ್ಲಿ ಯಾರನ್ನು ಕೂರಿಸಿ ಹೋಗಿದ್ದಿ?" ಇನ್‌ಸ್ಪೆಕ್ಟರ್ ಮತ್ತೆ ಕೇಳಿದರು.

"ಯಾರನ್ನೂ ಇಲ್ಲ."

ಈ ಸಲ ಅವರು ಬೈಯಲಿಲ್ಲ. ಕಂಪ್ಯೂಟರಿನ ಮುಂದೆ ಹರಿನಾಥನನ್ನು ಕೂರಿಸಿ, ಅದೇ ಪುಟದಲ್ಲಿ ಫೈಲ್ ತೆರೆಸಿ, "ಆ ಪುಟದಲ್ಲಿ ಇಷ್ಟು ಸಾವಿರ ಹೆಸರಿನ ನಡುವೆ ರಾಯನ್ ಒಬ್ಬನನ್ನು ಹುಡುಕಿದ್ದು ಹೇಗೆ?" ಎಂದರು.

"ಹೆಸರು ಹಾಕಿ ಹುಡುಕ್ಲಿಕ್ಕೆ ಒಂದು ಖಾನೆ ಉಂಟು ಸಾರ್." ಹರಿನಾಥ ಖಾನೆಯ ಮೇಲೆ ಎರಡು ಸಲ ಒತ್ತಿದ. ಮೊದಲು ಯಾರೋ ಬರೆದಿದ್ದ ಪದಗಳನ್ನು ಬ್ರೌಸರು ನೆನಪಿಟ್ಟುಕೊಂಡಿತ್ತು. ಒಂದರ ಕೆಳಗೊಂದರಂತೆ ನಾಲ್ಕು ಪದ ಇಳಿದವು: ವೆಂಕಟಲಕ್ಷ್ಮಿ. ಬಾಳೆಗುಳಿ. ಕೇಶವಪ್ರಸಾದ. ಮೊಂತೇರೊ.

ಹರಿನಾಥ ಒಂದೊಂದನ್ನೇ ಆರಿಸಿದ. ಮೊದಲ ಮೂರಕ್ಕೆ ಒಂದು ಸಾಲೂ ಬರಲಿಲ್ಲ. ನಾಲ್ಕನೆಯದಕ್ಕೆ ರಾಯನ್ ಇದ್ದ ಪುಟ ಬಂತು.

"ಯಾರಿದು ವೆಂಕಟಲಕ್ಷ್ಮಿ?"

ರಂಜನಿ ತಲೆ ತಗ್ಗಿಸಿದಳು. "ಕೇಶವಣ್ಣನ ಮಗಳು. ಬಾಳೆಗುಳಿ ಅವರ ಮನೆ. ಕರೆಂಟ್ ಹೋದ್ರೆ ಇನ್ವರ್ಟರ್ ಹಾಕಿ ಅಂತ ಅವರನ್ನು ಕೂರಿಸಿ ಹೋಗಿದ್ದೆ. ಸಮೀಕ್ಷೆಗೆ ನಮ್ಮನ್ನು ಮನೆಮನೆಗೆ ಕರ್ಕೊಂಡು ಹೋದದ್ದೇ ಅವರು ಸಾರ್. ಅವರು ಮಾಡ್ತಾರೆ ಅಂತ ನಾನು ಕನಸಿನಲ್ಲೂ ಎಣಿಸ್ಲಿಲ್ಲ."

ಶುಕ್ರವಾರ ಬೆಳಿಗ್ಗೆ ಜೀಪು ಬಾಳೆಗುಳಿಯ ಅಂಗಳದಲ್ಲಿ ನಿಂತಾಗ ಕೇಶವಪ್ರಸಾದ ಜಗಲಿಯಲ್ಲಿ ಮಗಳಿಗೆ ಗಂಜಿ ಉಣ್ಣಿಸುತ್ತಿದ್ದ. ಪೊಲೀಸರನ್ನು ಕಂಡು ಬಟ್ಟಲನ್ನು ಹೆಂಡತಿಯ ಕೈಗಿತ್ತು, ಕೈ ತೊಳೆದು ಬಂದ. ಹುಡುಗಿಯ ಕಾಲುಗಳು ಕಡ್ಡಿಯಂತಿದ್ದವು. ಅಪ್ಪ ಜೀಪು ಹತ್ತಿದ್ದು ಕಂಡು ಅವಳು ಸಂಭ್ರಮದಿಂದ ಕೈ ಬೀಸಿದಳು.

ಠಾಣೆಯಲ್ಲಿ ಅವನು ಏನನ್ನೂ ಮುಚ್ಚಿಡಲಿಲ್ಲ. ಅಷ್ಟರಲ್ಲಿ ಸುದ್ದಿ ತಿಳಿದು ಗ್ರೆಗರಿ ನುಗ್ಗಿದರು. ಹಿಂದೆ ರೀಮಾ. ಹರಿನಾಥ ತಡೆಯುವಷ್ಟರಲ್ಲಿ ಗ್ರೆಗರಿ ಕೇಶವಪ್ರಸಾದನ ಅಂಗಿಯ ಕಾಲರ್ ಹಿಡಿದಾಗಿತ್ತು.

"ನಾಯಿ! ನನ್ನ ಮಗಳು ನಿನಗೆ ಎಂತ ಮಾಡಿದ್ದಾಳೆ?"

"ಮಗಳು ಎಂತದೂ ಮಾಡ್ಲಿಲ್ಲ. ಕ್ರಿಸ್‌ಮಸ್ ಕಳೆದು ನೀವು ನನ್ನ ಹತ್ರ ಎಂತ ಹೇಳಿದ್ರಿ? ಅದನ್ನು ಇಲ್ಲಿ ಹೇಳಿ."

ಗ್ರೆಗರಿಯ ಹಿಡಿತ ಸಡಿಲಾಯಿತು.

"ನಾನೇ ಹೇಳ್ತೇನೆ ಸಾರ್. 'ಮದುವೆ ಮುಗಿಯುವವರೆಗೆ ರಾಯನ್ ಹೆಸರನ್ನು ಪಟ್ಟಿಯಿಂದ ತೆಗೆಸು ಮಾರಾಯ, ಆಮೇಲೆ ವಾಪಸ್ ಸೇರಿಸಿದ್ರೆ ಆಯ್ತು' ಅಂದ್ರು. ಅಂಗಿ ಬಿಚ್ಚಿ ಮತ್ತೆ ಹಾಕಿಕೊಂಡ ಹಾಗೆ. ಪಟ್ಟಿಗೆ ಹೆಸರು ಸೇರಿಸುವ ಡಾಕ್ಟ್ರ ಕ್ಯಾಂಪು, ಅಂಥ ಮೂರು ಕ್ಯಾಂಪಿಗೆ ನಾನು ಮಗಳನ್ನು ಹೆಗಲ ಮೇಲೆ ಹೊತ್ತುಕೊಂಡು ಹೋದೆ. ಇದು ಮದ್ದಿನದ್ದಲ್ಲ ಅಂತ ಮೂರು ಸಲವೂ ವಾಪಸ್ ಕಳಿಸಿದ್ರು. ಇವರ ಮನೆಗೆ ಡಾಕ್ಟ್ರನ್ನು ಕರ್ಕೊಂಡು ಹೋದದ್ದು ನಾನು. ಆ ದಿನ ಕಂಪ್ಯೂಟರ್ ತೆರೆದೇ ಇತ್ತು. ಕೊನೆಗೆ ಸೇರಿಸಿರಬಹುದಾ ಅಂತ ಮಗಳ ಹೆಸರು ಹಾಕಿ ನೋಡಿದೆ. ಮನೆ ಹೆಸರು ಹಾಕಿದೆ, ನನ್ನ ಹೆಸರು ಹಾಕಿದೆ. ಇಲ್ಲ. ಮತ್ತೆ ಇವರದ್ದು ಹಾಕಿದೆ. ಒಂದೇ ಸಲಕ್ಕೆ ಬಂತು."

"ಉಳಿದ ಮನೆಯವರು ನಿನಗೆ ಎಂತ ಮಾಡಿದ್ದರು?" ಈಶ್ವರಪ್ರಸಾದರ ಸ್ವರ ಏರಿತು. "ಇವರದ್ದು ಒಂದೇ ಸಾಲು ಕಳಿಸಬಹುದಿತ್ತಲ್ಲ?"

"ಒಂದು ಸಾಲಾದ್ರೆ ಯಾರೋ ಬರೆದದ್ದು ಅಂತಾರೆ. ಪುಟ ಇಡೀ ಇದ್ರೆ ನಂಬ್ತಾರೆ."

"ರಂಜನಿ? ನಿನ್ನನ್ನು ನಂಬಿ ಕೂರಿಸಿ ಹೋದವಳು ಜೈಲಿಗೆ ಹೋಗುವುದರಲ್ಲಿದ್ದಳು. ಗೊತ್ತುಂಟಾ?"

ಅವನ ಸಂಕಟ ಎಷ್ಟೇ ದೊಡ್ಡದಿರಲಿ, ಅವನು ಮಾಡಿದ್ದು ಹೇಡಿಯ ಕೆಲಸ. ವಾಸಪ್ಪ ಆ ಬೆಳಿಗ್ಗೆಯೇ ರಂಜನಿಯನ್ನು ಕೆಲಸದಿಂದ ತೆಗೆದುಹಾಕಿದ್ದರು.

ಗ್ರೆಗರಿ ಗಂಟಲು ಸರಿಮಾಡಿಕೊಂಡು, "ಕಳ್ಳ ಸಿಕ್ಕಿದನಲ್ಲ ಸಾರ್, ಇನ್ನು ಆ ಕಾಗದ..." ಎಂದರು.

"ಪಟ್ಟಿ ಸುಳ್ಳು ಅಂತ ಕಾಗದ ಸಿಗುವುದಿಲ್ಲ. ಪಟ್ಟಿ ಸುಳ್ಳಲ್ಲ."

"ನಾಡಿದ್ದು ಭಾನುವಾರ..."

"ಭಾನುವಾರ ನನ್ನ ಹೆಸರು ಓದುವುದು ಬೇಡ ಪಪ್ಪಾ," ಎಂದಳು ರೀಮಾ. "ಪಾದ್ರಿಯವರಿಗೆ ಹೇಳಿಯೇ ಇಲ್ಲಿಗೆ ಬಂದೆ. ಅಣ್ಣನನ್ನು ಮರದಿಂದ ಬೀಳಿಸಿ ಆಗುವ ಮದುವೆ ನನಗೆ ಬೇಡ."

ಗ್ರೆಗರಿ ಮಗಳನ್ನು ಹೊಡೆಯುವಂತೆ ನೋಡಿದರು. ನಂತರ ಒಬ್ಬರೇ ಮೆಟ್ಟಿಲಿಳಿದು ಹೋದರು. ಸ್ವಲ್ಪ ಹೊತ್ತಿಗೆ ರೀಮಾ ಕೂಡ ಹೋದಳು, ಬೇರೆ ರಿಕ್ಷಾದಲ್ಲಿ.

ಹರಿನಾಥ ಅರೆಸ್ಟ್ ಮೆಮೊ ತುಂಬಿಸತೊಡಗಿದ. ಹೆಸರು, ವಿಳಾಸ, ಬಂಧನದ ಸ್ಥಳ. ಬಂಧನದ ವಿಷಯವನ್ನು ಯಾರಿಗೆ ತಿಳಿಸಲಾಗಿದೆ ಎಂಬಲ್ಲಿ ಪೆನ್ನು ನಿಲ್ಲಿಸಿದ.

"ಇಲ್ಲಿ ಯಾರ ಹೆಸರು? ಹೆಂಡತಿದಾ?"

"ಮಗಳದ್ದು ಬರೀರಿ."

"ಮಕ್ಕಳ ಹೆಸರು ಇದರಲ್ಲಿ ನಡೆಯುವುದಿಲ್ಲ ಮಾರಾಯ."

"ಗೊತ್ತುಂಟು. ಆದ್ರೂ ಬರೀರಿ. ಎಲ್ಲಾದ್ರೂ ಒಂದು ಕಾಗದದಲ್ಲಿ ಅವಳ ಹೆಸರು ಇರ್ಲಿ."

ಹರಿನಾಥ ಇನ್‌ಸ್ಪೆಕ್ಟರರ ಮುಖ ನೋಡಿದ. ಈಶ್ವರಪ್ರಸಾದ ಮೆಮೊವನ್ನು ತಮ್ಮ ಕಡೆಗೆ ಎಳೆದುಕೊಂಡರು. ನಿಯಮದಂತೆ ಹೆಂಡತಿಯ ಹೆಸರು ಬರೆದರು. ಅದರ ಕೆಳಗೆ, ಯಾರೂ ಕೇಳದ ಒಂದು ಸಾಲು ಸೇರಿಸಿದರು: ಮಗಳು ವೆಂಕಟಲಕ್ಷ್ಮಿ, ಹನ್ನೊಂದು ವರ್ಷ, ನಡೆಯಲಾರಳು, ಹೊರುವವನು ತಂದೆಯೊಬ್ಬನೇ.

ಕೇಶವಪ್ರಸಾದ ಅದನ್ನು ಎರಡು ಸಲ ಓದಿ ಸಹಿ ಹಾಕಿದ.