ಬೆನ್ನು ತಿರುಗಿಸಿ ನಿಂತವಳು

ಸೋಮವಾರ ಬೆಳಿಗ್ಗೆ 9.20ಕ್ಕೆ ಮೆಣಸಿನಕಾಯಿ ವ್ಯಾಪಾರಿ ಸುನೀಲಕುಮಾರ ಬ್ಯಾಡಗಿ ಠಾಣೆಗೆ ಬಂದು ದೂರು ಕೊಟ್ಟ. ಅಜ್ಜನ ಕಾಲದಿಂದ ಪಡಸಾಲೆಯಲ್ಲಿದ್ದ, ಇನ್ನೂರು ವರ್ಷ ಹಳೆಯ ವಿಲಾಯತಿ ತೈಲಚಿತ್ರ ಭಾನುವಾರ ಕಳುವಾಗಿತ್ತು. ಗೋಡೆಗೆ ಬಣ್ಣ ಹಚ್ಚಲು ಬಂದಿದ್ದ ನಾಸೀರನ ಮೇಲೆ ಸಂಶಯವೆಂದು ಬರೆಸಿದ. ಎಫ್‌ಐಆರ್ ಆಯಿತು. ನಾಸೀರನನ್ನು ಕರೆತಂದು ಕೂರಿಸಿದರು. ಸಂಜೆಯೊಳಗೆ ಚಿತ್ರ ಸಿಗದಿದ್ದರೆ ಅವನಿಗೆ ಹಾವೇರಿ ಜೈಲೇ ಗತಿ.

“ಚಿತ್ರದಾಗ ಏನಿತ್ರಿ?” ಪಿಎಸ್‌ಐ ನಿರ್ಮಲಾ ಕೇಳಿದಳು.

“ಬೆನ್ನು ತಿರುಗಿಸಿ ನಿಂತ ಹೆಂಗಸು, ಮುಂದ ಖಾಲಿ ಸಮುದ್ರ. ಗಂಡ ಸತ್ತಾನ, ಅಳಾಕತ್ತಾಳ.”

ಜೊತೆಗೆ ಬಂದಿದ್ದ ಅವನ ಹೆಂಡತಿ ಭುವನಾ ಒಪ್ಪಲಿಲ್ಲ. “ಅಳೂದಲ್ರಿ, ಹಾರಾಕ ನಿಂತಾಳ. ಅಪಶಕುನ.”

“ನಾ ಇಳಿಸಿ ಹೊರಗ ಕಟ್ಟೀಮ್ಯಾಲೆ ಇಟ್ಟೇನ್ರಿ, ಅಷ್ಟ ಗೊತ್ತು,” ಎಂದ ನಾಸೀರ.

ಕಳುವಾದ ವಸ್ತುವಿನ ಗುರುತು ಕೇಳಿದರೆ ಒಬ್ಬೊಬ್ಬರು ಒಂದೊಂದು ಪುರಾಣ ಬಿಚ್ಚುತ್ತಾರಲ್ಲ ಎಂದು ನಿರ್ಮಲಾಗೆ ತಲೆ ಚಿಟ್ಟು ಹಿಡಿಯಿತು. ಆ ಚಿತ್ರವನ್ನು ಹತ್ತು ವರ್ಷದಿಂದ ಬಂದು ನೋಡಿಹೋಗುವ ಡ್ರಾಯಿಂಗ್ ಟೀಚರ್ ಜ್ಯೋತಿಲಕ್ಷ್ಮಿ ರಾಣೆಬೆನ್ನೂರಿನಲ್ಲಿದ್ದಾರೆಂದು ಭುವನಾ ಹೇಳಿದಳು. 12.40ಕ್ಕೆ ನಿರ್ಮಲಾ, ಕಾನ್‌ಸ್ಟೆಬಲ್ ಫಕ್ಕೀರಪ್ಪನೊಡನೆ ಅವರ ಮನೆ ಮುಟ್ಟಿದಳು.

“ಆ ಕಾಲದ ಚಿತ್ರಕಾರರು ಕತಿ ಪೂರ್ತಿ ಹೇಳೂದಿಲ್ರಿ,” ಟೀಚರ್ ಉತ್ಸಾಹದಿಂದ ಶುರುಮಾಡಿದರು. “ಮುಖ ತೋರಿಸಂಗಿಲ್ಲ, ಉಳಿದದ್ದು ನೋಡವರ ಪಾಲಿಗೆ. ಆದ್ರ ಇಕಿ ಅಳಾಕತ್ತಿಲ್ರಿ. ಬಲಮೂಲ್ಯಾಗ ದೋಣಿ ಬರಾಕತ್ತೈತಿ.”

ದಾರಿಯಲ್ಲಿದ್ದಾಗ ಸುನೀಲಕುಮಾರ ಹುಡುಕಿ ಕಳಿಸಿದ್ದ ಫೋಟೊವನ್ನು ನಿರ್ಮಲಾ ಮೊಬೈಲಿನಲ್ಲಿ ತೆಗೆದಳು. ದೀಪದ ಹೊಗೆ, ಮೆಣಸಿನಕಾಯಿ ಧೂಳು ಕೂತು ಬಲಮೂಲೆ ಕರ್ರಗಾಗಿತ್ತು. ದೋಣಿಯ ಸುಳಿವೇ ಇರಲಿಲ್ಲ.

“ದೋಣಿ ಯಾವಾಗ ನೋಡಿದ್ರಿ?”

ಟೀಚರ್ ಎದ್ದು ಒಳಕೋಣೆಯ ಬಾಗಿಲು ತೆರೆದರು.

ಚಿತ್ರ ಒಳಕೋಣೆಯ ಮೇಜಿನ ಮೇಲಿತ್ತು, ಸುತ್ತ ಕರ್ರಗಾದ ಅರಳೆ ಉಂಡೆಗಳು. ಒರೆಸಿದ ಬಲಮೂಲೆಯಲ್ಲಿ ಉಗುರಿನಷ್ಟು ದೋಣಿ. 2.10ಕ್ಕೆ ಪಂಚರೆದುರು ಜಪ್ತಿ ಪಂಚನಾಮೆ ಮುಗಿಯಿತು. ನಾಸೀರನನ್ನು ಬಿಡಲು ಫಕ್ಕೀರಪ್ಪ ಠಾಣೆಗೆ ಫೋನು ಮಾಡಿದ.

“ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಹಾಕಿದಂಗಾತು,” ನಿರ್ಮಲಾ ಟೀಚರ್‌ಗೆ ಅಂದಳು. “ನಾಸೀರ ಮುಂಜಾನಿಂದ ಠಾಣ್ಯಾಗ ಕುಂತಾನ. ಚಿತ್ರದಾಗಿಂದು ಇಷ್ಟೆಲ್ಲ ಕಾಣೋರಿಗೆ ಅದು ಕಾಣಲಿಲ್ಲೇನ್ರಿ?”

“ಅವನ ಮ್ಯಾಲೆ ಬರ್ತದಂತ ತಿಳೀಲಿಲ್ರಿ. ಒರೆಸಿ ಕೊಡ್ತೇನಂತ ನಾಕು ಸಲ ಕೇಳೇನಿ, ಸುನೀಲಕುಮಾರ ಅವರು ಒಲ್ಲೆ ಅಂದ್ರು. ಹತ್ತು ವರ್ಷ ಮಕ್ಕಳಿಗೆ, ಇಕೀ ಕಡೆ ಯಾರೂ ಬರಂಗಿಲ್ಲ ಅಂತ ಕಲಿಸೇನಿ. ಖರೇ ಏನಂತ ನೋಡಬೇಕಿತ್ತು. ಭಾನುವಾರ ಹೋದಾಗ ಕಟ್ಟೀಮ್ಯಾಲೆ ಒಂದ ಇತ್ತು, ತಗೊಂಡು ಬಂದೆ.”

3.00ಕ್ಕೆ ಬಂಧನ. ಜೀಪಿನಲ್ಲಿ ಟೀಚರ್ ಒಂದೇ ಮಾತು ಕೇಳಿದರು.

“ಎಡಮೂಲಿ ಇನ್ನೂ ಕರ್ರಗೈತ್ರಿ. ಅಲ್ಲೂ ಏನೋ ಐತಿ. ಕೇಸ್ ಎಷ್ಟ್ ದಿನ ನಡೀತದ?”

“ದಿನ ಅಲ್ರಿ, ವರ್ಷ.”

ಬಂಧಿಸುವಾಗ ಅಳದ ಹೆಂಗಸು ಈಗ ಅತ್ತರು. ನಿರ್ಮಲಾಗೆ ಸಿಟ್ಟು ಬಂತು. ಆ ಮೂಲೆಯಲ್ಲಿ ಏನಿದೆಯೆಂದು ಅವಳಿಗೂ ನೋಡಬೇಕಿತ್ತು. ಕೇಸ್ ಮುಗಿಯುವವರೆಗೆ ಯಾರೂ ಬಿಚ್ಚದಂತೆ ಚಿತ್ರಕ್ಕೆ ಬಟ್ಟೆ ಸುತ್ತಿ ಅರಗಿನ ಮೊಹರು ಒತ್ತಿದ್ದು ಅವಳ ಕೈಯೇ.