ನಾಲ್ಕನೆಯ ಅಳತೆಗಂಬ

ಆ ನದಿಯ ಕಣಿವೆಯಲ್ಲಿ ನೀರಿನ ಮಟ್ಟ ಅಳೆಯುವ ಕಂಬಗಳು ನಾಲ್ಕಿದ್ದವು. ಹಿಂದಿನ ಪ್ರವಾಹಕ್ಕೆ ನಾಲ್ಕೂ ಬಾಯಿ ಮುಚ್ಚಿಕೊಂಡಿದ್ದವು. ಜೀಪು ಹೋಗುವ ಸೇತುವೆಗಳು ಕೊಚ್ಚಿಹೋಗಿದ್ದವು. ಮತ್ತೆ ಮಳೆಗಾಲ ಶುರುವಾಗಲು ಹತ್ತೇ ದಿನ. ಅಷ್ಟರೊಳಗೆ ಕಂಬಗಳಿಗೆ, ನೀರಿನ ಮಟ್ಟವನ್ನು ಉಪಗ್ರಹದ ಮೂಲಕ ಕಚೇರಿಗೆ ತಿಳಿಸುವ ಹೊಸ ಪೆಟ್ಟಿಗೆ ಕೂರಿಸದಿದ್ದರೆ, ಪ್ರವಾಹ ಬರುತ್ತಿದೆಯೆಂದು ಕೆಳಗಿನ ಪಟ್ಟಣಕ್ಕೆ ಗೊತ್ತಾಗುವುದು ನೀರು ಹೊಸ್ತಿಲು ದಾಟಿದ ಮೇಲೆಯೇ. ಉಳಿದಿದ್ದದ್ದು ಹಳೆಯ ಜಲ್ಲಿ ಹಾದಿಯೊಂದು. ಅದರ ಮೇಲೆ ಸೈಕಲ್ಲಾದರೂ ಹೋದೀತು ಎಂದು ಜಲಮಾಪನ ಕಚೇರಿಯವರು ಮೂವರನ್ನು ಹೊರಡಿಸಿದರು.

ಮುಂದಾಳು ಕಚೇರಿಯ ಇಂಜಿನಿಯರು. ಎಲ್ಲವನ್ನೂ ಅಂಕಿಯಲ್ಲೇ ಹೇಳುವ ಚಾಳಿಯಿಂದ ಅವರಿಗೆ ‘ಮೀಟರ್’ ಎಂಬ ಅಡ್ಡಹೆಸರು ಬಿದ್ದಿತ್ತು. ಅವರೂ ಅದಕ್ಕೆ ಓಗೊಡುತ್ತಿದ್ದರು. ಎರಡನೆಯವನು ಸೈಕಲ್ ಮೇಸ್ತ್ರಿ, ಪಟ್ಟಣದಲ್ಲಿ ರಿಪೇರಿ ಅಂಗಡಿ ಇಟ್ಟವನು, ಆನೆಯಂಥ ಮೈಕಟ್ಟಿನವನು. ಮೂರನೆಯವಳು ಕಚೇರಿಯ ನಕಾಶೆಗಾರ್ತಿ.

ಇಪ್ಪತ್ತೆರಡು ವರ್ಷಗಳಿಂದ ಅವಳು ಈ ಕಣಿವೆಯನ್ನು ಕಾಗದದ ಮೇಲೆ ಬರೆಯುತ್ತ ಬಂದಿದ್ದಳು. ಕಣ್ಣಾರೆ ಒಮ್ಮೆಯೂ ನೋಡಿರಲಿಲ್ಲ. ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಇದ್ದಳು. ದೂರದೂರಿನ ಅಕ್ಕ ತಿಂಗಳಿಗೊಮ್ಮೆ ಫೋನು ಮಾಡುತ್ತಿದ್ದಳು. ಕೆಲವು ದಿನ ಬೆಳಗಿನಿಂದ ಸಂಜೆಯವರೆಗೆ ಅವಳ ಬಾಯಿಂದ ಹೊರಟ ಮಾತುಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ನಾಲ್ಕು ವರ್ಷದ ಹಿಂದೆ ದಪ್ಪ ಟಯರಿನ ಸೈಕಲ್ ಕೊಂಡು, ಭಾನುವಾರಗಳನ್ನು ಊರಾಚೆಯ ಮಣ್ಣುಹಾದಿಗಳಲ್ಲಿ ಕಳೆಯತೊಡಗಿದ್ದಳು. ಯಾರು ಹೋಗುತ್ತೀರಿ ಎಂದು ಮೀಟರ್ ಕೇಳಿದಾಗ ತನ್ನ ಕೈ ಮೇಲೆದ್ದದ್ದು ಕಂಡು ಅವಳಿಗೇ ಆಶ್ಚರ್ಯವಾಗಿತ್ತು.

ಎರಡು ದಿನದಲ್ಲಿ ಮೂರು ಕಂಬಗಳ ಕೆಲಸ ಮುಗಿಯಿತು. ಹಾದಿ ನದಿಯ ಬಗಲಲ್ಲೇ ಸುತ್ತಿ ಬಳಸಿ ಹೋಗುತ್ತಿತ್ತು. ಎರಡೂ ಕಡೆ ಹುಲ್ಲುಗುಡ್ಡಗಳು, ಮೇದು ಮಲಗಿದ ದನಗಳ ಬೆನ್ನಿನ ಹಾಗೆ ಒಂದರ ಹಿಂದೆ ಒಂದು. ಒಂದನ್ನು ಏದುಸಿರು ಬಿಡುತ್ತ ಹತ್ತಿದರೆ ಆಚೆ ಇನ್ನೊಂದು, ಅದರಾಚೆ ಮತ್ತೊಂದು, ಕೊನೆಯದು ಮೋಡವೋ ಗುಡ್ಡವೋ ತಿಳಿಯದಷ್ಟು ತೆಳು ನೀಲಿ. ಕಾಗದದಲ್ಲಿ ಅರ್ಧ ಬೆರಳಿನಷ್ಟಿದ್ದ ಜಾಗಕ್ಕೆ ಇಲ್ಲಿ ಒಂದು ಗಂಟೆಯ ಬೆವರು. ಗಂಡಸರಿಬ್ಬರೂ ಮುಂದೆ ಹೋಗಿಬಿಡುತ್ತಿದ್ದರು. ಅವಳು ಅವರ ಚಕ್ರದ ಗುರುತು ನೋಡಿಕೊಂಡು ಹಿಂದೆ ಬರುತ್ತಿದ್ದಳು. ಊಟದ ಹೊತ್ತಿಗೆ ಮೂವರೂ ಒಟ್ಟಿಗೆ ಕೂತರೂ ಮಾತು ಅವರಿಬ್ಬರ ನಡುವೆಯೇ ಸಾಗುತ್ತಿತ್ತು. ಅವರು ಅವಳನ್ನು ದೂರವಿಟ್ಟಿರಲಿಲ್ಲ. ಮಾತಿನೊಳಗೆ ಎಲ್ಲಿ ನುಗ್ಗಬೇಕೆಂಬುದು ಅವಳಿಗೆ ಮರೆತುಹೋಗಿತ್ತು, ಅಷ್ಟೆ.

ಮೂರನೆಯ ಬೆಳಿಗ್ಗೆ ನದಿಯನ್ನು ಮೊಣಕಾಲುದ್ದ ನೀರಿನಲ್ಲಿ ದಾಟಿ, ಕಲ್ಲುಗೋಡೆಯಂಥ ದಡದ ಕೆಳಗೆ ನಿಂತಿದ್ದ, ನದಿಯ ಮೇಲ್ತುದಿಯ ನಾಲ್ಕನೆಯ ಕಂಬಕ್ಕೆ ಬಂದರು. ಮೀಟರ್ ಕಬ್ಬಿಣದ ಏಣಿ ಹತ್ತಿದರು. ಆರನೆಯ ಮೆಟ್ಟಿಲಿಗೆ ಏಣಿ ಗೋಡೆಯಿಂದ ಕಿತ್ತು ಬಂತು.

ಅವರು ಬಂಡೆಯ ಮೇಲೆ ಬಿದ್ದರು. ಬಲಗಾಲು ಮಂಡಿಯ ಕೆಳಗೆ ತಿರುಚಿಕೊಂಡಿತ್ತು.

ತನ್ನ ಸೈಕಲ್ ಪಂಪು, ಹರಿದ ಅಂಗಿ ಸೇರಿಸಿ ಮೇಸ್ತ್ರಿ ಕಾಲಿಗೆ ಕಟ್ಟು ಹಾಕಿದ. ನೋವು ಎಷ್ಟಿದೆ ಎಂದು ಅವಳು ಕೇಳಿದಳು.

“ಹತ್ತಕ್ಕೆ ಏಳು. ಅಲ್ಲಾಡಿಸಿದ್ರೆ ಒಂಬತ್ತು,” ಎಂದರು ಮೀಟರ್. ಮುಖ ಸುಣ್ಣದ ಹಾಗಿತ್ತು.

ಫೋನುಗಳಲ್ಲಿ ಸಿಗ್ನಲ್ ಇರಲಿಲ್ಲ. ಅಷ್ಟರಲ್ಲಿ ಮೇಸ್ತ್ರಿ ನೀರಿನ ಕಡೆ ಬೆರಳು ಮಾಡಿದ. ಆಗಲೇ ದಾಟಿ ಬಂದಿದ್ದ ಕಲ್ಲುಗಳು ಒಂದೊಂದಾಗಿ ಮುಳುಗುತ್ತಿದ್ದವು. ಮೇಲೆಲ್ಲೋ ಮಳೆ ಹತ್ತು ದಿನ ಕಾಯದೆ ಬಂದುಬಿಟ್ಟಿತ್ತು. ಬಂದ ದಾರಿ ಮುಚ್ಚಿಹೋಗಿತ್ತು.

ಮೇಸ್ತ್ರಿ ಅವಳನ್ನು ಪಕ್ಕಕ್ಕೆ ಕರೆದ. ನೀರು ಏರಿದ ಹಾಗೆಲ್ಲ ಇಂಜಿನಿಯರನ್ನು ಮೇಲೆ ಮೇಲೆ ಎತ್ತಿ ಕೂರಿಸಬೇಕು.

“ಅದು ನಿಮ್ಮ ಕೈಲಿ ಆಗಲ್ಲ ಅಕ್ಕ,” ಎಂದ. “ಸೈಕಲ್ ತುಳಿಯೋದು ಆಗುತ್ತೆ. ನೀವೇ ಹೋಗ್ಬೇಕು.”

ನಾನು ಎಲ್ಲರಿಗಿಂತ ನಿಧಾನ ಎಂದಳು ಅವಳು. ನಿಧಾನವಾದರೂ ನಿಲ್ಲುವುದಿಲ್ಲವಲ್ಲ ಎಂದ ಅವನು.

ಕಣಿವೆಯ ಬಾಯಲ್ಲಿದ್ದ ದೋಣಿಕಟ್ಟೆಯೇ ಅತಿ ಹತ್ತಿರದ ಮನುಷ್ಯವಾಸ. ನದಿಯ ಹಾದಿ ಇಲ್ಲದ ಮೇಲೆ ಗುಡ್ಡ ದಾಟಿಯೇ ಹೋಗಬೇಕು. ಅವಳು ಕಣ್ಣು ಮುಚ್ಚಿ ತಾನೇ ಬರೆದಿದ್ದ ನಕಾಶೆಯನ್ನು ನೆನೆದಳು. ಎತ್ತರದ ಗೆರೆಗಳು ಒತ್ತೊತ್ತಾಗಿರುವ ಕಡೆ ಕಡಿದಾದ ಏರು, ಅಗಲವಾಗಿರುವ ಕಡೆ ನಸು ಇಳಿಜಾರು. ಎರಡು ಗುಡ್ಡಗಳ ನಡುವೆ ಗೆರೆಗಳು ದೂರ ಸರಿದು ನಿಂತ ಜಾಗವೊಂದು ಅವಳಿಗೆ ಚೆನ್ನಾಗಿ ನೆನಪಿತ್ತು. ಅದನ್ನು ಹಿಡಿದರೆ ಮೂವತ್ತೆಂಟು ಕಿಲೋಮೀಟರು. ಗಂಟೆ ಹನ್ನೊಂದಾಗಿತ್ತು.

ಮೊದಲ ಏರನ್ನು ತುಳಿಯಲಾಗದೆ ಸೈಕಲ್ ತಳ್ಳಿಕೊಂಡು ಹತ್ತಿದಳು. ಹುಲ್ಲಿನಡಿ ಸಡಿಲ ಕಲ್ಲು. ಎರಡು ಹೆಜ್ಜೆ ಮೇಲೆ, ಒಂದು ಹೆಜ್ಜೆ ಕೆಳಗೆ. ನೆತ್ತಿಗೆ ಬಂದು ತಿರುಗಿ ನೋಡಿದಾಗ ಕಂಬವೂ ಇಲ್ಲ, ಮನುಷ್ಯರೂ ಇಲ್ಲ, ನದಿ ಮಾತ್ರ ಕಂದು ದಾರದ ಹಾಗೆ ಬಿದ್ದಿತ್ತು. ನಾಲ್ಕು ದಿಕ್ಕಿಗೂ ಹುಲ್ಲು, ಗಾಳಿ. ಆ ಗಾಳಿಗೆ ಇಡೀ ಗುಡ್ಡಗಾಡು ಒಮ್ಮೆ ಬೆಳ್ಳಗೆ, ಒಮ್ಮೆ ಹಸಿರಾಗಿ ಮಗ್ಗುಲು ಬದಲಿಸುತ್ತಿತ್ತು. ಒಂಟಿತನ ತನಗೆ ರೂಢಿಯಾಗಿದೆ ಎಂದು ಅವಳು ತಿಳಿದಿದ್ದಳು. ಪಟ್ಟಣದ ಒಂಟಿತನಕ್ಕೆ ಪಕ್ಕದ ಮನೆಯ ರೇಡಿಯೋ ಇತ್ತು, ಬೀದಿಯಲ್ಲಿ ಯಾರೋ ಬಾಗಿಲು ಹಾಕಿಕೊಳ್ಳುವ ಸದ್ದಿತ್ತು. ಇಲ್ಲಿ ತನ್ನ ಉಸಿರಿನ ಹೊರತು ಏನೂ ಇರಲಿಲ್ಲ. ಇಲ್ಲಿ ಬಿದ್ದರೆ ಹುಡುಕಿ ಬರುವವರು ಯಾರೂ ಇಲ್ಲ. ತಾನು ತಲುಪದಿದ್ದರೆ ಅವರಿಬ್ಬರಿಗೂ ಬೇರೆ ಗತಿಯಿಲ್ಲ.

ಅವಳು ಸೈಕಲ್ ಏರಿದಳು.

ಎರಡನೆಯ ಗುಡ್ಡದ ಮಗ್ಗುಲಲ್ಲಿ ಕುರಿಗಾಹಿಗಳ ಕಲ್ಲಿನ ಕೊಟ್ಟಿಗೆಯೊಂದು ಕಂಡಿತು. ಜೀವ ಬಂದಂತಾಗಿ ಜೋರಾಗಿ ತುಳಿದು ಹೋಗಿ, ಯಾರಾದರೂ ಇದ್ದೀರಾ ಎಂದು ಕೂಗಿದಳು. ಒಳಗೆ ತಣ್ಣಗಾದ ಬೂದಿ, ಮುರಿದ ಬಕೆಟ್ಟು. ಕೂಗಿದ ಮಾತು ಎದುರು ಗುಡ್ಡಕ್ಕೆ ಬಡಿದು ವಾಪಸ್ಸು ಬಂತು. ಅಲ್ಲೇ ಕೂತು ಅಳಬೇಕೆನ್ನಿಸಿತು. ಅಳುವುದಕ್ಕೆ ಹೊತ್ತಿಲ್ಲ ಎಂದು ತನಗೆ ತಾನೇ ಬೈದುಕೊಂಡು ಒಂದು ಬಿಸ್ಕತ್ತು ತಿಂದಳು.

ಇಳಿಜಾರು ಶುರುವಾಯಿತು. ಬ್ರೇಕು ಹಿಡಿದೂ ಹಿಡಿದೂ ಬೆರಳು ಮರಗಟ್ಟಿದವು. ಹಿಂದಿನ ಚಕ್ರ ಜಾರುತ್ತಿತ್ತು. ಚೂಪು ಕಲ್ಲೊಂದು ಕಣ್ಣಿಗೆ ಬಿತ್ತು. ತಪ್ಪಿಸಲು ಆಗಲಿಲ್ಲ.

ಫಟ್.

ಮುಂದಿನ ಟಯರಿನ ಪಕ್ಕ ಹೆಬ್ಬೆರಳಿನಷ್ಟು ಸೀಳಿತ್ತು. ಮೇಸ್ತ್ರಿ ಟ್ಯೂಬು ಬದಲಾಯಿಸುವುದನ್ನು ಎರಡು ದಿನದಲ್ಲಿ ಮೂರು ಸಲ ನೋಡಿದ್ದಳು. ತಾನು ಯಾವತ್ತೂ ಮಾಡಿರಲಿಲ್ಲ. ಟಯರು ರಿಮ್ಮಿನಿಂದ ಕೀಳುವಾಗ ಉಗುರೊಂದು ಕಿತ್ತುಬಂತು. ಹೊಸ ಟ್ಯೂಬು ಹಾಕಿದರೂ ಅದು ಸೀಳಿನಿಂದ ಹೊರಗೆ ಗುಳ್ಳೆಯಂತೆ ಇಣುಕಿತು. ಮತ್ತೆ ಬಿಚ್ಚಿದಳು. ಬಿಸ್ಕತ್ತಿನ ಪೊಟ್ಟಣವನ್ನು ನಾಲ್ಕು ಮಡಿಕೆ ಮಾಡಿ ಒಳಗಿನಿಂದ ಸೀಳಿಗೆ ಒತ್ತುಕೊಟ್ಟು, ತನ್ನ ಪಂಪಿನಿಂದ ಮೆಲ್ಲಗೆ ಗಾಳಿ ತುಂಬಿದಳು. ನಿಂತಿತು. “ನಿಂತ್ಕೋ, ಮಾರಾಯ, ನಿಂತ್ಕೋ,” ಎಂದು ಅದರೊಂದಿಗೇ ಮಾತಾಡುತ್ತ ಹೊರಟಳು. ಆಮೇಲೆ ಮಾತು ನಿಲ್ಲಲೇ ಇಲ್ಲ. ಚಕ್ರಕ್ಕೆ, ದಾರಿಗೆ, ತಿರುವುಗಳಿಗೆ, ಕಂಬದ ಬುಡದಲ್ಲಿರುವ ಇಬ್ಬರಿಗೆ, ದೂರದ ಅಕ್ಕನಿಗೆ, ವರ್ಷಗಳಿಂದ ಒಳಗೇ ಉಳಿದುಹೋಗಿದ್ದ ಮಾತುಗಳನ್ನೆಲ್ಲ ಗಟ್ಟಿಯಾಗಿ ಆಡಿಕೊಂಡು ತುಳಿದಳು.

ನಾಲ್ಕೂವರೆಗೆ ದೋಣಿಕಟ್ಟೆ ಮುಟ್ಟಿದಾಗ ಸೈಕಲ್ಲಿನಿಂದ ಇಳಿಯಲು ಕಾಲುಗಳು ಒಪ್ಪಲಿಲ್ಲ. ಸೈಕಲ್ ಸಮೇತ ಬಿದ್ದಳು.

ದೋಣಿ ನಡೆಸುವವಳು ಅರವತ್ತರ ಹೆಂಗಸು. ಅವಳ ಮೋಟಾರು ದೋಣಿ ಅಲ್ಲೇ ತೂಗುತ್ತಿತ್ತು. ಹಿಡಿದೆತ್ತಿ ಕೂರಿಸಿ, ನೀರು ಕುಡಿಸಿ, ಎಲ್ಲ ಕೇಳಿಸಿಕೊಂಡಳು. ಮೀಟರನ್ನು ಗುಡ್ಡ ದಾಟಿಸಿ ಹೆಗಲ ಮೇಲೆ ಹೊತ್ತು ತರಲು ಜನ ಸೇರಿಸುವಷ್ಟರಲ್ಲಿ ನಾಳೆಯಾಗುತ್ತದೆ ಎಂದು ನಕಾಶೆಗಾರ್ತಿ ಹೇಳಿದಾಗ ಮುದುಕಿ ಬೇಡವೆಂದು ತಲೆಯಾಡಿಸಿದಳು.

“ಗುಡ್ಡ ಯಾಕೆ ತಂಗಿ? ನೀರು ಕಡಿಮೆ ಇದ್ದಾಗ ನನ್ನ ದೋಣಿ ಕಲ್ಲಿಗೆ ಸಿಕ್ಕೊಳುತ್ತೆ, ಅಲ್ಲಿವರೆಗೂ ಹೋಗಲ್ಲ. ಈಗ ಕಲ್ಲೆಲ್ಲ ಮುಳುಗಿದೆ. ಹೋಗಿಬರೋಣ.”

ದಾರಿ ಮುಚ್ಚಿದ ನೀರೇ ದಾರಿಯಾಗುತ್ತದೆಂದು ಅವಳಿಗೆ ಹೊಳೆದೇ ಇರಲಿಲ್ಲ. ಮುದುಕಿ ವೈರ್‌ಲೆಸ್ಸಿನಲ್ಲಿ ಆಂಬುಲೆನ್ಸಿಗೆ ಹೇಳಿದಳು. ನೀನು ಇಲ್ಲೇ ಮಲಗು ಎಂದಳು. ಕಂಬ ಇರುವ ತಿರುವು ನನಗೆ ಗೊತ್ತು ಎಂದು ಇವಳು ದೋಣಿ ಹತ್ತಿದಳು.

ಸುಳಿಗಳನ್ನು ಬಳಸಿ, ತೇಲಿಬರುವ ಮರದ ತುಂಡುಗಳನ್ನು ಕೋಲಿನಿಂದ ತಳ್ಳಿ, ಎದುರು ನೀರಿನಲ್ಲಿ ಒಂದೂವರೆ ಗಂಟೆ. ಕಲ್ಲುಗೋಡೆ ಕಂಡಾಗ ಏಣಿ ಬಿದ್ದಿದ್ದ ಬಂಡೆ ಇರಲಿಲ್ಲ.

ಆಮೇಲೆ ಮೇಲೆ, ಗೋಡೆಯ ಚಾಚಿನ ಮೇಲೆ, ಮೇಸ್ತ್ರಿ ಎದ್ದು ನಿಂತು ಎರಡೂ ಕೈ ಆಡಿಸಿದ. ನಾಲ್ಕು ಸಲ ಮೀಟರನ್ನು ಬೆನ್ನ ಮೇಲೆ ಹಾಕಿಕೊಂಡು ಮೇಲಕ್ಕೆ ಏರಿದ್ದನಂತೆ. ಇಷ್ಟೇ ಅಲ್ಲ. ಮೀಟರ್ ಮಲಗಿದ್ದಲ್ಲಿಂದಲೇ ಒಂದೊಂದೇ ಹೇಳಿಕೊಟ್ಟು, ಚಾಚಿಗೆ ಎಟುಕುವ ಕಂಬದ ತುದಿಗೆ ಮೇಸ್ತ್ರಿಯ ಕೈಯಿಂದ ಪೆಟ್ಟಿಗೆ ಕೂರಿಸಿದ್ದರು. ಪೆಟ್ಟಿಗೆ ಕೂರುವ ಹಿಡಿ ಮುರಿದಿದ್ದರಿಂದ ಅವನು ಅದನ್ನು ತನ್ನ ಸೈಕಲ್ಲಿನ ಚೈನು ಬಿಚ್ಚಿ ಕಂಬಕ್ಕೆ ಬಿಗಿದಿದ್ದ.

ಮೀಟರನ್ನು ಹಲಗೆಯ ಮೇಲೆ ದೋಣಿಗಿಳಿಸಿದರು. ಅವರು ಅವಳ ಕೈ ಹಿಡಿದು, ಎಷ್ಟು ಹೊತ್ತು ತೆಗೆದುಕೊಂಡಿರಿ ಎಂದು ಕೇಳಿದರು. ಐದೂವರೆ ಗಂಟೆ ಎಂದಳು.

“ನಾನು ಎಂಟು ಅಂತ ಲೆಕ್ಕ ಹಾಕಿದ್ದೆ,” ಎಂದರು ಅವರು. “ಮೊದಲನೇ ಸಲ ಲೆಕ್ಕ ತಪ್ಪಿದ್ದಕ್ಕೆ ಖುಷಿ ಆಗ್ತಿದೆ ಮೇಡಂ.”

ಮುಸ್ಸಂಜೆಗೆ ದೋಣಿಕಟ್ಟೆಯಲ್ಲಿ ಆಂಬುಲೆನ್ಸು ಕಾಯುತ್ತಿತ್ತು.

ಅದಾದ ಐದನೆಯ ದಿನ ಪಟ್ಟಣದಲ್ಲಿ ಮಳೆ ಹಿಡಿಯಿತು. ನಕಾಶೆಗಾರ್ತಿ ಮೇಜು ಬಿಟ್ಟೆದ್ದು, ನೀರಿನ ಮಟ್ಟ ನೋಡುವವರ ಕೋಣೆಗೆ ಹೋಗಿ ಬಾಗಿಲಲ್ಲಿ ನಿಂತಳು. ಪರದೆಯ ಮೇಲೆ ಮೂರು ಗೆರೆಗಳು ಓಡುತ್ತಿದ್ದವು, ನಾಲ್ಕನೆಯ ಕಂಬದಿಂದ ಇನ್ನೂ ಒಂದು ಸುದ್ದಿಯೂ ಬಂದಿರಲಿಲ್ಲ. ಹತ್ತು ನಿಮಿಷದ ನಂತರ ನಾಲ್ಕನೆಯದೂ ಮೂಡಿ, ಎಲ್ಲಕ್ಕಿಂತ ಮೊದಲು ಮೇಲೇರತೊಡಗಿತು. ಪಾಳಿಯವನು ಫೋನೆತ್ತಿ, ತಗ್ಗಿನ ಬೀದಿಗಳವರು ಸಾಮಾನು ಮೇಲಕ್ಕೆ ಸಾಗಿಸಲಿ, ಇನ್ನು ಏಳು ಗಂಟೆ ಹೊತ್ತಿದೆ ಎಂದು ತಿಳಿಸಿದ. ಬಾಗಿಲಲ್ಲಿ ನಿಂತವಳನ್ನು ಅವನು ಗಮನಿಸಲೇ ಇಲ್ಲ.

ಅವಳು ಹೊರಗಿನ ಮೊಗಸಾಲೆಗೆ ಬಂದು ಮೇಸ್ತ್ರಿಗೆ ಫೋನು ಮಾಡಿದಳು. ಯಾರಿಗಾದರೂ ತಾನಾಗಿ ಫೋನು ಮಾಡಿ ಎಷ್ಟು ಕಾಲವಾಗಿತ್ತೋ.

“ಬರ್ತಿದೆ,” ಎಂದಳು. “ನಾಲ್ಕನೇದು.”

ಆ ಕಡೆ, ಅವನ ಅಂಗಡಿಯ ತಗಡಿನ ಮೇಲೆ ಮಳೆ ಬೀಳುವ ಸದ್ದಷ್ಟೇ ಕೇಳಿಸಿತು. ಇವಳ ಕಡೆಯೂ ಮಳೆಯೇ. ಇಬ್ಬರೂ ಫೋನು ಇಡದೆ, ಬಹಳ ಹೊತ್ತು ಹಾಗೇ ಕೇಳಿಸಿಕೊಳ್ಳುತ್ತ ನಿಂತರು.